ಶುದ್ಧಿಗೆ ಮುನ್ನ ಶೋಧ

ಗಡಹಿಂಗ್ಲಜದಲ್ಲಿರುವ ನಮ್ಮ ಬಂಧುಗಳ ಮನೆಯಲ್ಲಿ ಅಜ್ಜಿಯೊಡನೆ ಕನ್ನಡವನ್ನೂ, ಪೇಟೆಯಲ್ಲಿ ಮರಾಠಿಯನ್ನೂ, ಕಾಲೇಜಿನಲ್ಲಿ ಇಂಗ್ಲಿಷನ್ನೂ ಆಡುತ್ತ ಬೆಳೆದು, ಈಗ ಇಲೆಕ್ಟ್ರಾನಿಕ್ಸ್ ಎಂಜಿನಿಯರಿಂಗಿನ ಮೂರನೆಯ ವರ್ಷದಲ್ಲಿ ಓದುತ್ತಿರುವ ಹುಡುಗಿಯೊಬ್ಬಳು ಕಳೆದ ದೀಪಾವಳಿಯ ಬಿಡುವಿನಲ್ಲಿ ತನ್ನ ಟಿಪ್ಪಣಿಯ ಪುಸ್ತಕವನ್ನು ತಂದು ನನ್ನ ಮುಂದಿಟ್ಟಳು. ಡಿಜಿಟಲ್ ಫಿಲ್ಟರುಗಳನ್ನು ಕುರಿತ ಪುಟಗಳು ಅವು. ಝಡ್ ಪರಿವರ್ತನೆ, ಧ್ರುವಗಳು, ಶೂನ್ಯಗಳು, ಸ್ಥಿರತೆಯ ನಿಯಮ, ಎಲ್ಲವೂ ಒಂದಕ್ಷರವೂ ತಪ್ಪದೆ, ಪರೀಕ್ಷಕರು ಬಯಸುವ ಕ್ರಮದಲ್ಲಿಯೇ ಬರೆಯಲ್ಪಟ್ಟಿದ್ದವು. ಆದರೂ ಅವಳ ಮುಖದಲ್ಲಿ ತೃಪ್ತಿಯಿರಲಿಲ್ಲ. “ಲೆಕ್ಕಾ ಬಿಡಸಾಕ ಬರತೈತಿ ಕಾಕಾ, ಆದ್ರ ಇದು ಖರೇನ ಏನ ಮಾಡತೈತಿ ಅನ್ನೂದ ತಿಳೀವಲ್ದು” ಎಂದಳು.

ಈ ಮಾತನ್ನು ಒಬ್ಬ ವಿದ್ಯಾರ್ಥಿನಿಯ ಅಲ್ಪಜ್ಞತೆಯೆಂದು ತಳ್ಳಿಹಾಕಲು ನನಗೆ ಮನಸ್ಸು ಒಪ್ಪಲಿಲ್ಲ. ಕೊಲ್ಹಾಪುರದಲ್ಲಿ 1962ರಲ್ಲಿ ಶಿವಾಜಿ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಇಚಲಕರಂಜಿಯಲ್ಲಿ 1982ರಿಂದ ಡಿ.ಕೆ.ಟಿ.ಇ. ಸಂಸ್ಥೆಯ ಜವಳಿ ಮತ್ತು ಎಂಜಿನಿಯರಿಂಗ್ ವಿದ್ಯಾಲಯವು ನಡೆಯುತ್ತಿದೆ; ಗಡಹಿಂಗ್ಲಜ ತಾಲೂಕಿನ ಮಹಾಗಾವದಂಥ ಊರಿನಲ್ಲಿ ಸಹ ಇಂದು ಎಂಜಿನಿಯರಿಂಗನ್ನು ಕಲಿಯಬಹುದು. ಕಲಿಯುವ ಸೌಕರ್ಯ ಮನೆಬಾಗಿಲಿಗೆ ಬಂದಿರುವುದು ಸಂತೋಷದ ಸಂಗತಿ. ಆದರೆ ಸಂಕೇತಸಂಸ್ಕರಣ, ಎಂದರೆ ಸಿಗ್ನಲ್ ಪ್ರೊಸೆಸಿಂಗ್ ಎಂಬ ಶಾಸ್ತ್ರವನ್ನು ನಮ್ಮ ದೇಶದ ಉದ್ದಗಲಕ್ಕೂ ಬಾಲ ಮುಂದಾಗಿ ತಲೆ ಹಿಂದಾಗಿ ಕಲಿಸಲಾಗುತ್ತಿದೆಯೆಂಬುದೇ ನನ್ನ ಆಕ್ಷೇಪ. ಮೊದಲು ಸೂತ್ರ, ಆಮೇಲೆ ಪರೀಕ್ಷೆ, ಎಂದಾದರೂ ಒಮ್ಮೆ ದೈವವಶಾತ್ ವಸ್ತುವಿನ ದರ್ಶನ: ಇದು ಈಗಿನ ಕ್ರಮ.

ಫಿಲ್ಟರ್ ಎಂಬುದಕ್ಕೆ ನಮ್ಮಲ್ಲಿ ಶೋಧಕವೆಂಬ ಹೆಸರುಂಟು. ಈ ಪದವನ್ನು ಹಾಗೆಯೇ ನಾಲಗೆಯ ಮೇಲೆ ತುಸು ಹೊತ್ತು ಇಟ್ಟುಕೊಂಡು ನೋಡಿದರೆ ಅದರಲ್ಲಿ ಎರಡು ಅರ್ಥಗಳು ಒಂದೇ ಬೇರಿನಿಂದ ಚಿಗುರಿರುವುದು ಕಾಣುತ್ತದೆ. ಹಾಲನ್ನು ಶೋಧಿಸುವುದೆಂದರೆ ಬಟ್ಟೆಯಲ್ಲಿ ಸೋಸಿ ಕಸವನ್ನು ತೆಗೆಯುವುದು. ಸತ್ಯವನ್ನು ಶೋಧಿಸುವುದೆಂದರೆ ಅದನ್ನು ಹುಡುಕಿ ಕಾಣುವುದು. ಶುದ್ಧಿಯೂ ಶೋಧವೂ ಒಂದೇ ಧಾತುವಿನ ಮಕ್ಕಳು. ಯಾವುದು ಹಾಲು, ಯಾವುದು ಕಸವೆಂಬುದನ್ನು ಹುಡುಕಿ ತಿಳಿಯದೆ ಸೋಸಲು ಹೊರಡುವವನು ಬಟ್ಟೆಯ ಕೆಳಗೆ ಪಾತ್ರೆಯಿಡುವುದನ್ನೇ ಮರೆತವನಂತೆ. ಇಲ್ಲಿನ ಎಲ್ಲ ಮಾತಿಗೂ ಇದೇ ಮೂಲವಾದುದರಿಂದ, ಇದನ್ನು ನಮ್ಮ ನದಿಯ, ನಮ್ಮ ತಂಬೂರಿಯ, ನಮ್ಮ ಮಗ್ಗದ ಉದಾಹರಣೆಗಳಿಂದಲೇ ವಿವರಿಸಲು ಯತ್ನಿಸುತ್ತೇನೆ.

ನದಿಯಿಂದ ಆರಂಭಿಸೋಣ. ಕೊಲ್ಹಾಪುರದ ಪಂಚಗಂಗೆಯ ನೀರನ್ನು ರಾಜಾರಾಮ ಬಂಧಾರದ ಬಳಿ ಅಳೆಯುವ ಕ್ರಮವನ್ನು ಈ ಸೀಮೆಯ ಶಾಲೆಯ ಹುಡುಗರೂ ಬಲ್ಲರು. ಅಲ್ಲಿ 39 ಅಡಿ ಎಚ್ಚರಿಕೆಯ ಮಟ್ಟ, 43 ಅಡಿ ಅಪಾಯದ ಮಟ್ಟ. 2019ರ ಆಗಸ್ಟಿನಲ್ಲಿಯೂ 2021ರ ಜುಲೈಯಲ್ಲಿಯೂ ನೀರು 55 ಅಡಿಯನ್ನು ದಾಟಿ, ಶಿರೋಲಿಯ ಹತ್ತಿರ ಪುಣೆ–ಬೆಂಗಳೂರು ಹೆದ್ದಾರಿಯು ಮುಳುಗಿ, ಊರಿಗೆ ಊರೇ ದ್ವೀಪವಾದುದನ್ನು ಕಂಡವರು ಆ ಅಂಕೆಗಳನ್ನು ಮರೆಯಲಾರರು. ಪಂಚಗಂಗೆಯು ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಸೇರಿ ಕರ್ನಾಟಕದ ಗಡಿಯೊಳಕ್ಕೆ ಹರಿಯುವುದರಿಂದ, ಚಿಕ್ಕೋಡಿ, ರಾಯಬಾಗ, ಅಥಣಿಗಳ ಹೊಳೆದಂಡೆಯ ಜನರಿಗೆ ಸಹ ಕೊಲ್ಹಾಪುರದ ಅಳತೆಗೋಲು ತಮ್ಮ ಮನೆಯ ಹೊಸ್ತಿಲಿನಷ್ಟೇ ಸಮೀಪದ್ದು.

ತಾಸಿಗೊಮ್ಮೆ ಬರೆದಿಟ್ಟ ಈ ಮಟ್ಟಗಳ ಪಟ್ಟಿಯೇ ಒಂದು ಡಿಜಿಟಲ್ ಸಂಕೇತ. ಅದಕ್ಕಿಂತ ಗಹನವಾದ ವ್ಯಾಖ್ಯೆ ಆರಂಭದಲ್ಲಿ ಬೇಕಿಲ್ಲ. ನೀರು 38 ಅಡಿಯಲ್ಲಿ ನಿಂತಿದೆಯೆಂದೂ, ಒಂದು ತಾಸಿನ ಅಳತೆಯಲ್ಲಿ ಮಾತ್ರ ಅಲೆಯ ಹೊಡೆತದಿಂದಲೋ ಯಂತ್ರದ ದೋಷದಿಂದಲೋ 44 ಎಂದು ದಾಖಲೆಯಾಯಿತೆಂದೂ ಭಾವಿಸಿಕೊಳ್ಳೋಣ: 38, 38, 44, 38, 38. ಈ ಮುಗ್ಗರಿಕೆಯನ್ನು ನಯಗೊಳಿಸಲು, ಪ್ರತಿ ತಾಸಿನಲ್ಲಿ ಈಗಿನದನ್ನೂ ಹಿಂದಿನ ಎರಡನ್ನೂ ಕೂಡಿಸಿ ಮೂರರಿಂದ ಭಾಗಿಸುವ ಉಪಾಯವನ್ನು ಯಾರಾದರೂ ಹೇಳಬಲ್ಲರು. ಅದೇ ಚಲಿಸುವ ಸರಾಸರಿ, ಡಿಜಿಟಲ್ ಶೋಧಕಗಳಲ್ಲೆಲ್ಲ ಅತ್ಯಂತ ಸರಳವಾದದ್ದು. ಲೆಕ್ಕ ಹಾಕಿ ನೋಡಿ: 44ರ ಕೋಡು ಮಾಯವಾಗುತ್ತದೆ, ಆದರೆ ಅದರ ಬದಲು 40, 40, 40 ಎಂಬ ಮೂರು ಸುಳ್ಳು ಅಂಕೆಗಳು ಹುಟ್ಟುತ್ತವೆ. ಒಂದು ತಾಸಿನ ದೊಡ್ಡ ಸುಳ್ಳು ಮೂರು ತಾಸುಗಳ ಚಿಕ್ಕ ಸುಳ್ಳುಗಳಾಗಿ ಹಂಚಿಹೋಯಿತು. ಆ ಮೂರೂ ತಾಸು ನೀರು ಎಚ್ಚರಿಕೆಯ ಮಟ್ಟವನ್ನು ದಾಟಿದೆಯೆಂಬ ವರದಿ ಹೋಯಿತು. ಸರಾಸರಿಯನ್ನು ಬಿಟ್ಟು, ಮೂರು ಅಂಕೆಗಳನ್ನು ಏರಿಕೆಯ ಕ್ರಮದಲ್ಲಿಟ್ಟು ನಡುವಿನದನ್ನು ಆರಿಸಿದರೆ ಉತ್ತರ ಎಲ್ಲ ಕಾಲದಲ್ಲಿಯೂ 38. ಒಂಟಿ ಸುಳ್ಳನ್ನು ತೆಗೆಯಲು ಮಧ್ಯಾಂಕವೇ ಯೋಗ್ಯವೆಂಬ ತತ್ತ್ವವನ್ನು ಹುಡುಗಿಯು ಪೆನ್ಸಿಲಿನಿಂದ ಐದು ನಿಮಿಷದಲ್ಲಿ ಕಂಡುಕೊಂಡಳು.

ಈಗ ನೀರು ನಿಜವಾಗಿಯೂ ಏರುತ್ತಿದೆಯೆಂದು ಭಾವಿಸಿರಿ. ತಾಸಿಗೊಂದು ಅಡಿಯಂತೆ 40, 41, 42, 43. ಮೂರರ ಸರಾಸರಿಯು ನೀರು 43ಕ್ಕೆ ಮುಟ್ಟಿದ ಗಳಿಗೆಯಲ್ಲಿ 42 ಎನ್ನುತ್ತದೆ. ಎಂದರೆ ಒಂದು ತಾಸು ತಡವಾಗಿ ನುಡಿಯುತ್ತದೆ. ಇನ್ನೂ ನಯವಾದ ರೇಖೆ ಬೇಕೆಂದು ಏಳು ತಾಸುಗಳ ಸರಾಸರಿಯನ್ನು ತೆಗೆದುಕೊಂಡರೆ ತಡವು ಮೂರು ತಾಸಾಗುತ್ತದೆ. ಮೂರರ ಮಧ್ಯಾಂಕಕ್ಕೂ ಇಲ್ಲಿ ವಿನಾಯಿತಿಯಿಲ್ಲ. ಅದೂ ಒಂದು ತಾಸು ಹಿಂದೆಯೇ. ದನಕರುಗಳನ್ನು ಬಿಚ್ಚಿ, ಮುದುಕರನ್ನೂ ಮಕ್ಕಳನ್ನೂ ಎತ್ತಿಕೊಂಡು, ಕಾಳಿನ ಚೀಲಗಳನ್ನು ಅಟ್ಟಕ್ಕೇರಿಸಬೇಕಾದ ಮನೆಗೆ ಮೂರು ತಾಸೆಂದರೆ ಏನೆಂಬುದನ್ನು ಶಿರೋಳ ತಾಲೂಕಿನ ಯಾವ ರೈತನೂ ಹೇಳಬಲ್ಲ. ಪಠ್ಯಪುಸ್ತಕವು ಇದನ್ನೇ ಸಮೂಹವಿಳಂಬವೆಂಬ ಭಾರವಾದ ಹೆಸರಿನಿಂದ ಕರೆದು, ಒಂದು ಅವಕಲನದ ಸೂತ್ರವನ್ನು ಕೊಟ್ಟು ಮುಂದೆ ಹೋಗುತ್ತದೆ. ಆ ಸೂತ್ರದಲ್ಲಿ ದೋಷವಿಲ್ಲ. ಆದರೆ ಹೊಳೆದಂಡೆಯ ಮನೆಯ ಮೂರು ತಾಸನ್ನು ಮೊದಲು ಅರಿತವನಿಗೆ ಅದು ಬಾಯಿಪಾಠದ ವಸ್ತುವಾಗಿ ಉಳಿಯುವುದಿಲ್ಲ. ನಯ ಬೇಕೆಂದರೆ ಕಾಲವನ್ನು ಬೆಲೆಯಾಗಿ ತೆರಬೇಕೆಂಬ ನಿಷ್ಠುರವಾದ ವ್ಯವಹಾರವಾಗಿ ಅವನೆದುರಿಗೆ ನಿಲ್ಲುತ್ತದೆ.

ಇನ್ನೊಂದು ಜಾತಿಯ ಶೋಧಕವುಂಟು. ಅದು ತನ್ನ ಹಿಂದಿನ ಉತ್ತರವನ್ನೇ ಮತ್ತೆ ಬಳಸಿಕೊಳ್ಳುತ್ತದೆ. ಹಿಂದಿನ ಉತ್ತರದಲ್ಲಿ ಹತ್ತರಲ್ಲಿ ಒಂಬತ್ತು ಪಾಲು, ಹೊಸ ಅಳತೆಯಲ್ಲಿ ಹತ್ತರಲ್ಲಿ ಒಂದು ಪಾಲು, ಇವೆರಡನ್ನೂ ಕೂಡಿಸಿದರೆ ಹೊಸ ಉತ್ತರ. ಇದನ್ನು ತಿಳಿಸಲು ನಾನು ಅಡುಗೆಮನೆಗೆ ಹೋದೆ. ನಿನ್ನೆಯ ಮೊಸರಿನಿಂದ ಇಂದಿನ ಹಾಲಿಗೆ ಹೆಪ್ಪು, ಇಂದಿನದರಿಂದ ನಾಳೆಗೆ. ಹೀಗಾಗಿ ವರ್ಷದ ಹಿಂದೆ ನೆರೆಮನೆಯಿಂದ ತಂದ ಹೆಪ್ಪಿನ ಅಂಶವು ಇಂದಿನ ಗಡಿಗೆಯಲ್ಲಿಯೂ, ಎಷ್ಟೇ ಸೂಕ್ಷ್ಮವಾಗಿದ್ದರೂ, ಉಂಟು. ಒಮ್ಮೆ ಒಳಹೊಕ್ಕ ಅಳತೆಯ ಪ್ರಭಾವವು ಏಳು ಹೆಜ್ಜೆಗಳಲ್ಲಿ ಅರ್ಧಕ್ಕಿಂತ ಕಡಮೆಯಾಗುತ್ತದೆ, ಇಪ್ಪತ್ತೆರಡರಲ್ಲಿ ಹತ್ತನೆಯ ಒಂದು ಪಾಲಿಗೂ ಇಳಿಯುತ್ತದೆ, ಆದರೆ ಪೂರ್ತಿಯಾಗಿ ಎಂದೂ ಅಳಿಯುವುದಿಲ್ಲ. ಹಿಂದಿನದರ ಪಾಲು ಒಂದನ್ನು ಮೀರಿತೆಂದರೆ ಏನಾಗುವುದೆಂಬುದನ್ನು ಜಾತ್ರೆಯ ಚಪ್ಪರದಲ್ಲಿ ಕೇಳಿದ್ದೇವೆ: ಧ್ವನಿವರ್ಧಕದ ಸದ್ದನ್ನು ಮೈಕು ಹಿಡಿದು ಮತ್ತೆ ಧ್ವನಿವರ್ಧಕಕ್ಕೇ ಕೊಡುತ್ತಿರಲು ಕಿವಿಗಡಚಿಕ್ಕುವ ಆ ಕೂಗು ಏಳುತ್ತದೆ. ಅಸ್ಥಿರತೆಯೆಂಬ ಅಧ್ಯಾಯದ ಸಾರ ಅಷ್ಟೇ. “ಹಂಗಾದ್ರ ಧ್ರುವ ವರ್ತುಲದ ಹೊರಗ ಹೋಗೂದಂದ್ರ ಇದೇನ ಕಾಕಾ?” ಎಂದು ಅವಳು ತನ್ನ ಟಿಪ್ಪಣಿಯ ಸ್ಥಿರತೆಯ ನಿಯಮವನ್ನು ನೆನೆದು ಕೇಳಿದಾಗ ನನಗಾದ ಹರ್ಷವನ್ನು ಮುಚ್ಚಿಡಲಾರೆ.

ಅಖಂಡವಾದ ಪ್ರವಾಹವನ್ನು ಬಿಡಿಬಿಡಿಯಾದ ಅಂಕೆಗಳನ್ನಾಗಿ ಮಾಡುವ ಮಾದರಿ ತೆಗೆಯುವಿಕೆಯ ವಿಷಯವನ್ನು ತಿಳಿಯಲು ಕೊಲ್ಹಾಪುರಕ್ಕಿಂತ ಒಳ್ಳೆಯ ಸ್ಥಳವಿಲ್ಲ. ಏಕೆಂದರೆ ಬಾಬುರಾವ್ ಪೇಂಟರರು ತಮ್ಮ ಕೈಯಿಂದಲೇ ಕ್ಯಾಮರಾವನ್ನು ನಿರ್ಮಿಸಿಕೊಂಡು ಚಿತ್ರಗಳನ್ನು ತೆಗೆದ, 1929ರಲ್ಲಿ ಪ್ರಭಾತ್ ಫಿಲ್ಮ್ ಕಂಪನಿಯು ಜನ್ಮತಾಳಿದ ಊರು ಅದು. ಸೆಕೆಂಡಿಗೆ 24 ಚಿತ್ರಗಳನ್ನು ಹಿಡಿಯುವ ಚಲಚ್ಚಿತ್ರದಲ್ಲಿ, 12 ಅರಗಳುಳ್ಳ ಗಾಲಿಯೊಂದು ಸೆಕೆಂಡಿಗೆ ಸರಿಯಾಗಿ ಎರಡು ಸುತ್ತು ತಿರುಗಿದರೆ, ಪ್ರತಿ ಚಿತ್ರದಲ್ಲಿಯೂ ಒಂದು ಅರದ ಸ್ಥಾನಕ್ಕೆ ಇನ್ನೊಂದು ಬಂದು ನಿಲ್ಲುವುದರಿಂದ ಗಾಲಿಯು ನಿಂತಂತೆ ಕಾಣುತ್ತದೆ. ಸ್ವಲ್ಪ ನಿಧಾನವಾದರೆ ಹಿಂದಕ್ಕೆ ಉರುಳಿದಂತೆ ಕಾಣುತ್ತದೆ. ಗಾಡಿ ಮುಂದೆ, ಗಾಲಿ ಹಿಂದೆ. ಮಾದರಿಯ ವೇಗದ ಅರ್ಧವನ್ನು ಮೀರಿದ ಕಂಪನಗಳೆಲ್ಲ ಹೀಗೆಯೇ ವೇಷ ಮರೆಸಿಕೊಂಡು ಕೆಳಗಿನ ಕಂಪನಗಳ ನಡುವೆ ಬಂದು ಕೂರುತ್ತವೆಯೆಂಬುದು 1928ರಲ್ಲಿ ನೈಕ್ವಿಸ್ಟ್ ಅವರ ಬರಹದಿಂದ ಮೊದಲ್ಗೊಂಡು 1949ರಲ್ಲಿ ಶಾನನ್ ಅವರ ಪ್ರಮಾಣದಿಂದ ನೆಲೆಗೊಂಡ ತತ್ತ್ವ. ಒಮ್ಮೆ ವೇಷ ಮರೆಸಿಕೊಂಡು ಒಳಗೆ ಬಂದದ್ದನ್ನು ಆಮೇಲೆ ಯಾವ ಶೋಧಕವೂ ಬೇರ್ಪಡಿಸಲಾರದು. ತಡೆಯುವುದಾದರೆ ಬಾಗಿಲಿನಲ್ಲಿಯೇ ತಡೆಯತಕ್ಕದ್ದು.

ಇನ್ನು ತಂಬೂರಿ. ಈ ಭಾಗದಲ್ಲಿ ಸಂಗೀತದ ಮಾತೆತ್ತದೆ ಧ್ವನಿಶಾಸ್ತ್ರವನ್ನು ಹೇಳುವುದು ದೇವರ ಹೆಸರೆತ್ತದೆ ದೇವಾಲಯವನ್ನು ವರ್ಣಿಸಿದಂತೆ. ಗ್ವಾಲಿಯರಿನ ಗಾಯನಶೈಲಿಯನ್ನು ಮಹಾರಾಷ್ಟ್ರಕ್ಕೆ ತಂದ ಬಾಲಕೃಷ್ಣಬುವಾ ಅವರು ಇಚಲಕರಂಜೀಕರರೆಂದೇ ಪ್ರಸಿದ್ಧರು. ಅಲ್ಲಾದಿಯಾ ಖಾನರು ಶಾಹೂ ಮಹಾರಾಜರ ಆಶ್ರಯದಲ್ಲಿ ಕೊಲ್ಹಾಪುರದಲ್ಲಿ ನೆಲೆಸಿ ಬೆಳೆಸಿದ ಪರಂಪರೆಯು ಅವರ ಮಕ್ಕಳಾದ ಮಂಜೀಖಾನ್, ಬುರ್ಜೀಖಾನರ ಮೂಲಕ ಧಾರವಾಡದ ನಮ್ಮ ಮಲ್ಲಿಕಾರ್ಜುನ ಮನಸೂರರಿಗೆ ಬಂತು. ಅಲ್ಲಾದಿಯಾ ಖಾನರ ಶಿಷ್ಯೆಯಾದ ಕೇಸರಬಾಯಿ ಕೇರ್ಕರರ ಭೈರವಿಯು 1977ರಲ್ಲಿ ವಾಯೇಜರ್ ನೌಕೆಗಳ ಸುವರ್ಣಮುದ್ರಿಕೆಯಲ್ಲಿ ಸೇರಿ ಸೂರ್ಯಮಂಡಲದ ಆಚೆಗೆ ಸಾಗಿತು. ಈ ಗಾಯನಗಳಿಗೆಲ್ಲ ಹಿನ್ನೆಲೆಯಾಗಿ ನಿಂತ ತಂಬೂರಿಗಳ ತವರು ಮೀರಜು, ಇಚಲಕರಂಜಿಗೆ ನೆರೆಯ ಊರು.

ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ, ಒಂದು ಎಳೆ ನೂಲನ್ನು ಸರಿಸಿ ಸರಿಸಿ ಒಂದು ನಿರ್ದಿಷ್ಟ ಬಿಂದುವಿಗೆ ತಂದಾಗ, ಮಂದವಾಗಿದ್ದ ನಾದವು ತಟ್ಟನೆ ಅರಳಿ, ಜೇನುಹುಳುಗಳ ಝೇಂಕಾರದಂತೆ ತುಂಬಿಕೊಳ್ಳುತ್ತದೆ. ಅದೇ ಜವಾರಿ, ದಕ್ಷಿಣದವರು ಜೀವಾಳಿ ಎನ್ನುವರು. ಸರ್ ಸಿ.ವಿ. ರಾಮನ್ನರು 1921ರಲ್ಲಿ ವೀಣೆ ತಂಬೂರಿಗಳನ್ನು ಪರಿಶೀಲಿಸಿ, ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟಿದರೆ ಯಾವ ಉಪಸ್ವರಗಳು ಹುಟ್ಟಬಾರದೆಂದು ಪಾಶ್ಚಾತ್ಯ ನಿಯಮವು ಹೇಳುತ್ತಿತ್ತೋ, ಆ ಉಪಸ್ವರಗಳು ಸಹ ಈ ಬಾಗಿದ ಕುದುರೆಯ ಮಹಿಮೆಯಿಂದ ಕೇಳಿಬರುವುದನ್ನು ತೋರಿಸಿಕೊಟ್ಟರು. ತಂತಿಯ ಒಂದು ನಾದದಲ್ಲಿ ಎಷ್ಟೋ ಸ್ವರಗಳು ಸೇರಿಕೊಂಡಿರುತ್ತವೆ, ಅವನ್ನು ಬೇರೆ ಬೇರೆಯಾಗಿ ಎಣಿಸಬಹುದು ಎಂಬ ವಿಚಾರವನ್ನು ಗಣಿತದ ಭಾಷೆಯಲ್ಲಿ ಫೂರಿಯೇ ಅವರು 1822ರ ತಮ್ಮ ಗ್ರಂಥದಲ್ಲಿ ಉಷ್ಣವನ್ನು ಕುರಿತು ಹೇಳಿದರು; ಆದರೆ ಜವಾರಿ ಹಿಡಿಯುವ ಕುಶಲಕರ್ಮಿಯ ಕಿವಿಯು ಆ ಎಣಿಕೆಯನ್ನು ಅಂಕೆಯಿಲ್ಲದೆ ಮಾಡುತ್ತಿರುತ್ತದೆ.

ಈ ಉಪಸ್ವರಗಳ ಇನ್ನೊಂದು ಮಹಿಮೆಯನ್ನು ದೂರವಾಣಿಯಲ್ಲಿ ಕೇಳಬಹುದು. ಸಾಮಾನ್ಯ ದೂರವಾಣಿಯು ಸೆಕೆಂಡಿಗೆ ಸುಮಾರು 300ರಿಂದ 3400ರವರೆಗಿನ ಕಂಪನಗಳನ್ನು ಮಾತ್ರ ಸಾಗಿಸುತ್ತದೆ. ಪುರುಷರ ತಂಬೂರಿಯ ಖರಜದ, ಎಂದರೆ ಮಂದ್ರ ಷಡ್ಜದ, ಮೂಲಕಂಪನವು ಸೆಕೆಂಡಿಗೆ 70ರ ಆಸುಪಾಸಿನದು. ಅದು ದೂರವಾಣಿಯ ತಂತಿಯೊಳಗೆ ಹೋಗುವುದೇ ಇಲ್ಲ. ಆದರೂ ದೂರವಾಣಿಯಲ್ಲಿ ಕೇಳಿದವನಿಗೆ ಖರಜ ಕೇಳುತ್ತದೆ; ಮೇಲಿನ ಉಪಸ್ವರಗಳ ಅಂತರವನ್ನು ಹಿಡಿದು ಕಿವಿಯೂ ಬುದ್ಧಿಯೂ ಕೂಡಿ ಇಲ್ಲದ ಷಡ್ಜವನ್ನು ಕಟ್ಟಿಕೊಳ್ಳುತ್ತವೆ. ಇಂಥ ಅದ್ಭುತವನ್ನು ಸ್ವತಃ ಕೇಳಿಸದೆ ತರಗತಿಯಲ್ಲಿ ಬರಿಯ ರೇಖೆ ಎಳೆದು ತೋರಿಸುವುದು ನ್ಯಾಯವೆ?

ಆದರೆ ನನ್ನ ಮನಸ್ಸನ್ನು ಹೆಚ್ಚು ಕಲಕಿದ್ದು ಬೇರೊಂದು ಅನುಭವ. ಮಹಾಮಾರಿಯ ದಿನಗಳಲ್ಲಿ ಸಂಗೀತದ ಪಾಠಗಳು ಕಂಪ್ಯೂಟರಿನ ಪರದೆಯ ಮೇಲೆ ನಡೆದಾಗ, ಗುರುಗಳು ತಂಬೂರಿ ಮೀಟುತ್ತ ಕುಳಿತಿದ್ದರೂ ಶಿಷ್ಯರಿಗೆ ಅದು ಕೇಳದೆ ಹೋಗುತ್ತಿತ್ತು. ಒಂದೆರಡು ಗಳಿಗೆ ಕೇಳಿ, ಮೆಲ್ಲನೆ ಕರಗಿ, ಮಾಯವಾಗುತ್ತಿತ್ತು. ಕಾರಣವಿಷ್ಟೆ: ಆ ಸಂಭಾಷಣೆಯ ಯಂತ್ರವ್ಯವಸ್ಥೆಗಳಲ್ಲಿ ಗದ್ದಲವನ್ನು ತೆಗೆಯುವ ಶೋಧಕವಿರುತ್ತದೆ. ಒಂದೇ ಸಮನೆ, ಬದಲಾಗದೆ ಬರುತ್ತಿರುವ ಧ್ವನಿಯನ್ನು ಪಂಖದ್ದೋ ಮೋಟಾರಿನದ್ದೋ ಸದ್ದೆಂದು ಎಣಿಸಿ ಅದು ಅಳಿಸುತ್ತದೆ. ಏರಿಳಿಯುವ ಮಾತನ್ನು ಮಾತ್ರ ಉಳಿಸುತ್ತದೆ. ತಂಬೂರಿಯ ಸ್ವಭಾವವೇ ಒಂದೇ ಸಮನೆ ಇರುವುದು. ಯಾವ ಸ್ಥಿರತೆಗಾಗಿ ಗಾಯಕನು ಅದನ್ನು ಆಶ್ರಯಿಸುತ್ತಾನೆಯೋ ಅದೇ ಸ್ಥಿರತೆಯು ಶೋಧಕದ ಕಣ್ಣಿಗೆ ಅಪರಾಧವಾಯಿತು. ಗಣಿತದಲ್ಲಿ ತಪ್ಪಿರಲಿಲ್ಲ, ಆ ಶೋಧಕವು ತನಗೆ ವಿಧಿಸಿದ್ದನ್ನು ನಿಷ್ಠೆಯಿಂದ ಮಾಡಿತು. ಆದರೆ ಗದ್ದಲವೆಂದರೆ ಏನೆಂದು ನಿರ್ಧರಿಸಿದವರ ಮನಸ್ಸಿನಲ್ಲಿ ಕಚೇರಿಯ ಕೋಣೆಯಿತ್ತು, ಸಂಗೀತದ ಕೋಣೆಯಿರಲಿಲ್ಲ.

ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿಯೂ ಇದೇ ಪಾಠವುಂಟು. 1904ರಲ್ಲಿ ವಿಠ್ಠಲರಾವ್ ದಾತಾರರು ಅಲ್ಲಿ ಮೊದಲ ಯಂತ್ರಮಗ್ಗವನ್ನು ಹೂಡಿದಂದಿನಿಂದ ಆ ಊರಿನ ಗಾಳಿಯೇ ಖಟಖಟವೆನ್ನುತ್ತಿದೆ. ನಿಮಿಷಕ್ಕೆ 120 ಸಲ ಹೊಕ್ಕು ಹಾಯಿಸುವ ಮಗ್ಗವೊಂದನ್ನು ತೆಗೆದುಕೊಳ್ಳಿ. ಲಾಳಿಯು ಎಡದಿಂದ ಬಲಕ್ಕೆ ಹೋಗುವ ಸದ್ದೂ ಬಲದಿಂದ ಎಡಕ್ಕೆ ಬರುವ ಸದ್ದೂ ಒಂದೇ ತೆರನಲ್ಲವಾದುದರಿಂದ ಒಂದು ಪೂರ್ಣ ಆವರ್ತಕ್ಕೆ ಒಂದು ಸೆಕೆಂಡು. ಈಗಿನ ಧ್ವನಿಯಿಂದ ಒಂದು ಸೆಕೆಂಡಿನ ಹಿಂದಿನ ಧ್ವನಿಯನ್ನು ಕಳೆದರೆ ಪುನರಾವರ್ತನೆಯಾಗುವ ಸದ್ದೆಲ್ಲ ಇಲ್ಲವಾಗಿ, ಹೊಸದಾದದ್ದು ಮಾತ್ರ ಉಳಿಯುತ್ತದೆ. ಮಗ್ಗದ ದೋಷವನ್ನು ಕಿವಿಯಿಂದಲೇ ಹಿಡಿಯುವ ಜಾಬರನ ಕೆಲಸವನ್ನು ಯಂತ್ರವು ಮಾಡಿಬಿಟ್ಟಿತೆಂದು ಹಿಗ್ಗುವಷ್ಟರಲ್ಲಿ ಒಂದು ತೊಡಕು ಎದುರಾಗುತ್ತದೆ: ಸಡಿಲಾದ ಭಾಗವೊಂದು ಪ್ರತಿ ಆವರ್ತದಲ್ಲಿಯೂ ಸದ್ದು ಮಾಡತೊಡಗಿದರೆ, ಮೊದಲ ಸೆಕೆಂಡಿನ ನಂತರ ಆ ದೋಷವೂ ಪುನರಾವರ್ತನೆಯೇ, ಶೋಧಕವು ಅದನ್ನೂ ಅಳಿಸುತ್ತದೆ. ಮಗ್ಗವು ಸರಿಯಾಗಿದ್ದಾಗ ಹೇಗೆ ನುಡಿಯುತ್ತಿತ್ತೆಂಬುದು ಜಾಬರನಿಗೆ ನೆನಪಿದೆ. ಆ ನೆನಪನ್ನು ಶೋಧಕದೊಳಗೆ ಹೇಗೆ ತುಂಬಬೇಕೆಂಬುದನ್ನು ವಿದ್ಯಾರ್ಥಿಯು ಜಾಬರನ ಪಕ್ಕದಲ್ಲಿ ನಿಂತು ಕೇಳಿಯೇ ಕಲಿಯಬೇಕು.

ಆದಕಾರಣ ನನ್ನ ಅಭಿಪ್ರಾಯವಿದು: ಡಿಜಿಟಲ್ ಶೋಧಕಗಳ ಪಾಠವು ಸಂಕೇತಗಳ ಪರಿಚಯದಿಂದ ಆರಂಭವಾಗಬೇಕು, ಮತ್ತು ಆ ಸಂಕೇತಗಳು ವಿದ್ಯಾರ್ಥಿಗೆ ಪರಿಚಿತವಾದವುಗಳೇ ಆಗಿರಬೇಕು. ಒಂದು ತಿಂಗಳ ಕಾಲ ಸೂತ್ರವನ್ನು ಮುಟ್ಟದೆ, ನದಿಯ ಮಟ್ಟವನ್ನು ಕೈಯಿಂದ ಸರಾಸರಿ ಮಾಡಲಿ. ತಂಬೂರಿಯನ್ನೂ ಮಗ್ಗವನ್ನೂ ಮೊಬೈಲಿನಲ್ಲಿ ಮುದ್ರಿಸಿ ಕೇಳಲಿ. ಒಂದೊಂದು ಶೋಧಕವನ್ನು ಹಚ್ಚಿದ ಮೇಲೆ ಉಳಿದುದನ್ನಷ್ಟೇ ಅಲ್ಲದೆ ಕಳೆದುಹೋದುದನ್ನೂ ಪ್ರತ್ಯೇಕವಾಗಿ ಕೇಳಲಿ. ಕಳೆದುದನ್ನು ಕೇಳುವ ಈ ಅಭ್ಯಾಸವನ್ನು ನಾನು ವಿಶೇಷವಾಗಿ ಒತ್ತಿಹೇಳುತ್ತೇನೆ. ಸೋಸಿದ ಹಾಲನ್ನು ನೋಡಿ ಹಿಗ್ಗುವವರೇ ಎಲ್ಲರೂ. ಬಟ್ಟೆಯಲ್ಲಿ ಉಳಿದದ್ದರಲ್ಲಿ ಕೆನೆಯೂ ಹೋಯಿತೇ ಎಂದು ನೋಡುವವಳು ಮನೆಯ ಯಜಮಾನಿ. ವೇಳೆ ಸಾಲದೆಂಬ ಆಕ್ಷೇಪ ಬಂದೀತು. ಪಠ್ಯಕ್ರಮದ ಭಾರವನ್ನು ನಾನು ಬಲ್ಲೆ. ಆದರೆ ಒಂದು ತಿಂಗಳು ಹೀಗೆ ಕಳೆದವನಿಗೆ ಮುಂದಿನ ಮೂರು ತಿಂಗಳ ಗಣಿತವು ಬೇಗ ಹತ್ತುತ್ತದೆಂಬುದಕ್ಕೆ ನಮ್ಮ ಹುಡುಗಿಯೇ ನನಗೆ ಸಾಕ್ಷಿ.

ಭಾಷೆಯ ಮಾತೂ ಒಂದಿದೆ. ಈ ವಿಷಯಗಳನ್ನು ಕನ್ನಡದಲ್ಲಿ ಹೇಳಲಾಗದೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ರಚಿಸಿದನು. ಕೊಲ್ಹಾಪುರದ ಶಿಲಾಹಾರ ಅರಸರು ಕನ್ನಡದಲ್ಲಿ ಶಾಸನಗಳನ್ನು ಬರೆಸಿದ ಕಾಲವೂ ಅದೇ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ಅವರ ಸಂಗಡಿಗರು ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದಾಗ ಅವರ ಮುಂದೆ ಸಿದ್ಧಪದಗಳ ಕೋಶವಿರಲಿಲ್ಲ. ಬರೆಯುತ್ತ ಬರೆಯುತ್ತ ಪದಗಳನ್ನು ಕಂಡುಕೊಂಡರು. ಗಡಿಯ ಮಕ್ಕಳಿಗಂತೂ ಮೂರು ಭಾಷೆಗಳ ಸಂಪತ್ತಿದೆ. ಫಿಲ್ಟರ್ ಎಂಬ ಪದವನ್ನು ಅವರು ಬಿಡಬೇಕಾಗಿಲ್ಲ. ಸೋಸುವುದು, ಹೆಪ್ಪು, ಜವಾರಿ, ಲಾಳಿ ಎಂಬ ಮಾತುಗಳು ಅದರ ಪಕ್ಕದಲ್ಲಿ ಕೂರಲು ಸ್ಥಳ ಕೊಟ್ಟರೆ ಸಾಕು. ಸಂಕೇತಸಂಸ್ಕರಣವನ್ನು ಕುರಿತು ನೂರು ಪುಟದ ಒಂದು ಕನ್ನಡ ಪುಸ್ತಕವನ್ನು ಬಲ್ಲವರು ಬರೆದುಕೊಟ್ಟರೆ, ಅದು ಚಿಕ್ಕೋಡಿಯಿಂದ ಗಡಹಿಂಗ್ಲಜದವರೆಗಿನ ಎಷ್ಟೋ ಮನೆಗಳಲ್ಲಿ ಪರೀಕ್ಷೆಯ ಹಿಂದಿನ ರಾತ್ರಿಯ ಭಯವನ್ನು ಕಡಮೆ ಮಾಡೀತು.

ಮಳೆಗಾಲ ಬಂದೊಡನೆ ರಾಜಾರಾಮ ಬಂಧಾರದ ನೀರಿನ ಮಟ್ಟವು ಅಡಿ ಅಂಗುಲಗಳಲ್ಲಿ ಪತ್ರಿಕೆಗಳಲ್ಲಿ ಅಚ್ಚಾಗತೊಡಗುತ್ತದೆ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಅಧ್ಯಾಪಕರಲ್ಲಿ ನನ್ನ ವಿನಂತಿಯಿಷ್ಟೆ: ಈ ಸಲ ಆ ಅಂಕೆಗಳನ್ನು ದಿನವೂ ಕರಿಹಲಗೆಯ ಮೇಲೆ ಬರೆಯಿಸಿರಿ, ಮತ್ತು ಮೊದಲ ಶೋಧಕವನ್ನು ವಿದ್ಯಾರ್ಥಿಗಳ ಕೈಯಲ್ಲಿ ಸೀಮೆಸುಣ್ಣದಿಂದಲೇ ಮಾಡಿಸಿರಿ.